ಲೋಹದ ಕವಾಟಕ್ಕೆ ಸಹಿ

೫ ಜುಲೈ ೨೦೧೧, ಮಂಗಳವಾರ. ಮಿರಜ ಆಸ್ಪತ್ರೆ.

ಸಹಿ ಮಾಡಿಬಿಟ್ಟೆ. ನಾಳೆ ಬೆಳಿಗ್ಗೆ ಎದೆ ತೆರೆಯುತ್ತಾರೆ.

ಐದು ವರ್ಷದ ಹಿಂದೆ ಬಲೂನು ಹಾಕಿ ಅಗಲಿಸಿದ ಹೃದಯದ ಕವಾಟ ಈಗ ಸುಣ್ಣಗಟ್ಟಿದೆ, ಬದಲಿಸಲೇಬೇಕಂತೆ. ಲೋಹದ್ದಾದರೆ ಬಹುಕಾಲ ಬಾಳುತ್ತದೆ. ಆದರೆ ರಕ್ತ ಹೆಪ್ಪುಗಟ್ಟದಂತೆ ದಿನವೂ ಗುಳಿಗೆ ನುಂಗಬೇಕು. ಬಸುರಾದರೆ ಅದರಿಂದ ನನಗೂ ಕೂಸಿಗೂ ಅಪಾಯ. ಪ್ರಾಣಿಯ ಅಂಗಾಂಶದ್ದಾದರೆ ಕೂಸಿನ ಆಸೆ ಇಟ್ಟುಕೊಳ್ಳಬಹುದು, ಹತ್ತು ಹನ್ನೆರಡು ವರ್ಷಕ್ಕೆ ಮತ್ತೆ ಎದೆ ಸೀಳಬೇಕು.

ನನಗೆ ಎರಡನೆಯದೇ ಬೇಕಿತ್ತು. ಡಾಕ್ಟರ ಮುಂದೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೈ ಹಿಡಿದರು.

"ನೀಲಮಾ, ನನಗ ಮೊಮ್ಮಕ್ಕಳು ಬ್ಯಾಡವಾ. ನೀ ಉಳದ್ರ ಸಾಕು. ಸಾಹೇಬ್ರ, ಗಟ್ಟಿದ ಹಾಕ್ರಿ."

ನನ್ನ ಗಂಡ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಅತ್ತೆ ಬೈದಿದ್ದರೆ ಜಗಳವಾಡುತ್ತಿದ್ದೆ. ಇಷ್ಟು ಪ್ರೀತಿಗೆ ಏನು ಹೇಳಲಿ? ಹೋದ ವರ್ಷ ಬಸುರಿನ ಐದನೇ ತಿಂಗಳಿಗೇ ಹೋದ ಕೂಸನ್ನು ನಮ್ಮೂರು ಐಗಳಿಯ ಹೊಲದಲ್ಲಿ ಮಣ್ಣು ಮಾಡಿದವರೂ ಅವರೇ.

ಈಗ ಅತ್ತೆ ಮಂಚದ ಪಕ್ಕ ಚಾಪೆಯ ಮೇಲೆ ಮಲಗಿದ್ದಾರೆ. ಒರಗಿ ಕೂತರೂ ನನಗೆ ಉಸಿರು ಸಾಲುತ್ತಿಲ್ಲ. ಸಹಿ ಬದಲಿಸುತ್ತೇನೆ ಎಂದು ಹೇಳಲು ಗಂಟೆ ಒತ್ತಿದೆ. ನರ್ಸ್ ಬಂದಳು.

"ಏನ್ ಬೇಕ್ರಿ ಅಕ್ಕಾರ?"

ಅತ್ತೆ ಮಗ್ಗುಲು ಬದಲಿಸಿದರು.

ನೀರು ಅಂದೆ.