ಬೀಗಿತ್ತಿಗಾಗಿ ಕಲಿತ ಕಡಲುಗಳ್ಳರ ಭಾಷೆ

ಮಾರ್ಚ್ 4, ಮಧ್ಯಾಹ್ನ

ಆಸ್ಪತ್ರೆಯ ಹಿಂದಿನ ಲಿಫ್ಟ್ ಮತ್ತೆ ಕೈಕೊಟ್ಟಿತು. ಬಾಗಿಲ ಸಂದಿಯಲ್ಲಿ ಯಾರದೋ ಚಪ್ಪಲಿಯ ಪಟ್ಟಿ. ಕಿತ್ತು ತೆಗೆದೆ, ಎಣ್ಣೆ ಬಿಟ್ಟೆ, ಸರಿಹೋಯಿತು. ಊಟದ ಹೊತ್ತಿಗೆ ಮೇಲಿನ ಮೋಟರ್ ಕೋಣೆಯಲ್ಲಿ ಕೂತು ಮೂರನೇ ಅಧ್ಯಾಯ. ಹಳೆಯ ಸಾಹಸಕಥೆ, ಚೀನೀ ಕಲಿಯುವವರಿಗೆಂದು ಸುಲಭ ಮಾಡಿದ್ದು. ಕಡಲುಗಳ್ಳರು ಹಡಗು ಹತ್ತಿದರು. ಈ ಭಾಷೆಯ ಕ್ರಿಯಾಪದ ಬಲು ಸಾಧು. ನಿನ್ನೆಯಾದರೂ ನಾಳೆಯಾದರೂ, ಅವನಾದರೂ ಅವಳಾದರೂ ಅದೇ ರೂಪ. ಕೆಲಸ ಮುಗಿದಿದ್ದರೆ ಹಿಂದೊಂದು ಪುಟ್ಟ ‘ಲ’. ಹತ್ತು-ಲ. ದೋಚು-ಲ. ಓಡು-ಲ. ಬಂದನು, ಬಂದಳು, ಬಂದರು, ಬಂದವು ಎಂಬ ನಮ್ಮ ರಗಳೆಯೇ ಇಲ್ಲ.

ಜೊತೆಯ ಮೆಕ್ಯಾನಿಕ್ ಇಣುಕಿದ. “ಏನಯ್ಯಾ, ಈ ವಯಸ್ಸಲ್ಲಿ ಕಳ್ಳರ ಕಥೆ?”

“ಮಗಳ ಅತ್ತೆ ಹತ್ರ ಮಾತಾಡಬೇಕಲ್ಲಪ್ಪಾ.”

“ಅದಕ್ಕೆ ಕಳ್ಳರ ಭಾಷೆನಾ? ಒಳ್ಳೆ ಬೀಗ ಸಿಕ್ಕಿದ ಬಿಡು ಅವರಿಗೆ!”

ಮಾರ್ಚ್ 9

ಮದುವೆಗೆ ಇನ್ನೊಂದು ತಿಂಗಳು ಚಿಲ್ಲರೆ. ಹುಡುಗನ ತಾಯಿಗೆ ಚೀನೀ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ನಾವಿಬ್ಬರೂ ದವಡೆ ನೋಯುವಷ್ಟು ನಗುತ್ತೇವೆ, ಅಷ್ಟೇ. ಮಾತೆಲ್ಲ ಮಗಳ ಮೂಲಕ.

“ನಾನಿದ್ದೀನಲ್ಲಪ್ಪಾ, ನಿಂಗ್ಯಾಕೆ ಈ ತಲೆನೋವು?” ಎನ್ನುತ್ತಾಳೆ.

ಇವಳ ವಿಷಯವನ್ನು ಇವಳ ಬಾಯಲ್ಲೇ ಹೇಳಿಸುವುದು ಹೇಗೆ? ಹೇಳಬೇಕಾದದ್ದು ಇಷ್ಟೇ... ಮನಸ್ಸಿಗೆ ನೋವಾದರೆ ಇವಳು ಕೂಗಾಡುವುದಿಲ್ಲ. ಮಾತು ಬಿಡುತ್ತಾಳೆ, ಊಟ ಬಿಡುತ್ತಾಳೆ. ಏನಾಯಿತು ಎಂದು ಕೇಳಿದಷ್ಟೂ ಬಿಗಿಯಾಗುತ್ತಾಳೆ. ಕೇಳಬಾರದು. ತಟ್ಟೆ ಮುಂದಿಟ್ಟು ಸುಮ್ಮನೆ ಪಕ್ಕದಲ್ಲಿ ಕೂರಬೇಕು. ಅವಳಮ್ಮ ಹೋದ ಮೇಲೆ ಎಡವಿ ಎಡವಿ ಕಲಿತ ವಿದ್ಯೆ ಇದು. ಇನ್ನು ಅವಳಿರುವುದು ಆ ಮನೆಯಲ್ಲಿ. ಆ ತಾಯಿಗೆ ಇದು ಗೊತ್ತಿರಲೇಬೇಕು.

ಮೊದಲು ವ್ಯಾಕರಣದ ಪುಸ್ತಕವನ್ನೇ ಹಿಡಿದಿದ್ದೆ. ಎರಡು ಪುಟಕ್ಕೆ ಗೊರಕೆ. ಕಥೆಯಾದರೆ ಮುಂದೇನಾಯಿತೋ ಎಂಬ ಚಪಲಕ್ಕಾದರೂ ಪುಟ ತಿರುಗುತ್ತದೆ.

ಮಾರ್ಚ್ 22, ಬೆಳಿಗ್ಗೆ

ಸಿಕ್ಕಿತು! ಕ್ಯಾಪ್ಟನ್ ಅರಚುತ್ತಾನೆ — “ಗಾಳಿ ನಿಂತರೆ, ಹುಟ್ಟು ಹಾಕಿ!” ಮೊದಲಿಗೆ ‘ರುಗ್ವೋ’, ನಡುವೆ ‘ಜ್ಯೋ’. ನಾನು ಹುಡುಕುತ್ತಿದ್ದ ‘ಆದರೆ-ಹೀಗೆ ಮಾಡಿ’ ಇದೇ. ಗಾಳಿಯ ಜಾಗದಲ್ಲಿ ಮಗಳನ್ನು ಕೂರಿಸಿದರಾಯಿತು. ಲಿಫ್ಟ್ ಮೋಟರಿನ ಮುಂದೆ ನಿಂತು ಗಟ್ಟಿಯಾಗಿ ಹೇಳಿ ಹೇಳಿ ಅಭ್ಯಾಸ. ‘ಮುನಿಸು’ ಎಂಬ ಪದ ಮಾತ್ರ ಇಡೀ ಪುಸ್ತಕದಲ್ಲಿಲ್ಲ. ಕಡಲುಗಳ್ಳರಿಗೆ ಮುನಿಸಿಕೊಳ್ಳಲು ಪುರುಸೊತ್ತೆಲ್ಲಿ? ನೇರ ಕತ್ತಿಯೇ.

ಏಪ್ರಿಲ್ 11

ಬೀಗಿತ್ತಿ ಬಂದರು. ಮಾನ ಹೋಯಿತು.

ವಿಮಾನ ನಿಲ್ದಾಣದಲ್ಲಿ ಮುಂದೆ ನುಗ್ಗಿ ಬ್ಯಾಗಿಗೆ ಕೈ ಚಾಚಿದೆ. ‘ಕೊಡಿ’ ಎನ್ನಬೇಕಿತ್ತು. ನನ್ನ ಪುಸ್ತಕದಲ್ಲಿ ಕೊಡು ಎನ್ನುವವರು ಕಳ್ಳರು ಮಾತ್ರ. ಬಾಯಿಗೆ ಬಂದದ್ದು ಅವರ ಮಾತೇ — “ಇರೋದನ್ನೆಲ್ಲ ಕೊಟ್ಟುಬಿಡು!”

ಮಗಳು ಹಣೆ ಚಚ್ಚಿಕೊಂಡಳು. ಬೀಗಿತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬ್ಯಾಗ್ ಕೊಟ್ಟರು. ಆಮೇಲೆ ಕೊರಳ ಸ್ಕಾರ್ಫ್ ಬಿಚ್ಚಿ ಅದನ್ನೂ ಕೊಟ್ಟರು. ಕಾರಿನ ತನಕ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಏಪ್ರಿಲ್ 12

ಮಗಳು ಸ್ನಾನಕ್ಕೆ ಹೋಗಿದ್ದೇ ತಡ, ಬೀಗಿತ್ತಿಯ ಎದುರು ಕೂತೆ. ಅಷ್ಟು ದಿನ ಉರುಹೊಡೆದದ್ದೆಲ್ಲ ನೀರಿನಲ್ಲಿ ಹೋಮ. ಬಂದದ್ದು — “ಗಾಳಿ ನಿಂತರೆ, ಕೇಳಬೇಡಿ. ಊಟ ಇಡಿ. ಪಕ್ಕದಲ್ಲಿ ಕೂತುಕೊಳ್ಳಿ.”

ಕ್ಯಾಪ್ಟನ್ನನ ಗಾಳಿ! ಎಲ್ಲಿ ಬಿಟ್ಟಿತು ನನ್ನನ್ನು!

ಅವರು ಕಿಟಕಿಯ ಪರದೆ ನೋಡಿದರು. “ಗಾಳಿ?”

ಮಗಳ ಕೋಣೆಯತ್ತ ಬೆರಳು ತೋರಿಸಿ ತುಟಿಗೆ ಬೀಗ ಹಾಕಿದಂತೆ ನಟಿಸಿದೆ. ಅಷ್ಟರಲ್ಲಿ ಅವಳೇ ತಲೆ ಒರೆಸುತ್ತಾ ಬಂದಳು. ಬೀಗಿತ್ತಿ ತಲೆಯಾಡಿಸಿದರು. ಗೊತ್ತಾಗಿ ಆಡಿಸಿದರೋ, ಪಾಪ ಹುಚ್ಚ ಎಂದು ಆಡಿಸಿದರೋ...

ಏಪ್ರಿಲ್ 15, ಸಂಜೆ

ಫೋನಿನಲ್ಲಿ ಮಗಳಿಗೂ ಹುಡುಗನಿಗೂ ಜಟಾಪಟಿ. ಕರೆದ ಜನ ಹೆಚ್ಚಾಯಿತೆಂದು ಅವನು, ಕಡಿಮೆಯಾಯಿತೆಂದು ಇವಳು. ಬಾಲ್ಕನಿಗೆ ಹೋಗಿ ಕೂತಳು. ಮಧ್ಯಾಹ್ನದ ಊಟ ಹಾಗೇ ಇತ್ತು. ಅಭ್ಯಾಸಬಲ, ನಾನೆದ್ದೆ. ಬೀಗಿತ್ತಿ ಕೂರಿ ಎಂದು ಕೈ ಮಾಡಿದರು.

“ಗಾಳಿ ನಿಂತಿತು,” ಎಂದರು ಮೆಲ್ಲಗೆ, ನನಗೆ ತಿಳಿಯುವಂತೆ ಒಂದೊಂದೇ ಪದ ಬಿಡಿಸಿ.

ಊಟ ಬಿಸಿ ಮಾಡಿ ತಟ್ಟೆಯಲ್ಲಿ ಒಯ್ದು ಸ್ಟೂಲಿನ ಮೇಲಿಟ್ಟರು. ಪಕ್ಕದಲ್ಲಿ ಕೂತರು. ಒಂದು ಮಾತೂ ಕೇಳಲಿಲ್ಲ. ಬೀದಿ ನೋಡುತ್ತಾ ಕೂತರು. ಬಹಳ ಹೊತ್ತಿನ ಮೇಲೆ ಮಗಳು ತಟ್ಟೆ ಎಳೆದುಕೊಂಡಳು.

ಅಡುಗೆಮನೆಯಿಂದ ನೋಡಿದೆ. ಹೊಟ್ಟೆ ತಣ್ಣಗಾಯಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ? ಅಲ್ಲಿ ಕೂರುತ್ತಿದ್ದವನು ನಾನು.

ಈಗ ಒಳಗೆ ಬಂದಿದ್ದಾಳೆ. ಕೈಯಲ್ಲಿ ಖಾಲಿ ತಟ್ಟೆ. ಕಣ್ಣು ಒದ್ದೆ, ಮುಖದಲ್ಲಿ ನಗು.

“ಅಪ್ಪಾ, ಅವರಿಗೆ ಇದನ್ನ ಯಾರು ಹೇಳಿಕೊಟ್ಟಿದ್ದು?”

ತಲೆ ಎತ್ತದೆ ಬರೆಯುತ್ತಿದ್ದೇನೆ. ಬಿಡುವ ಹಾಗೆ ಕಾಣುವುದಿಲ್ಲ. ಪಕ್ಕದಲ್ಲೇ ಬಂದು ಕೂತಳು. ಏನೂ ಕೇಳುತ್ತಿಲ್ಲ. ಸುಮ್ಮನೆ ಕೂ—