ಏಟು ತಿಂದ ಅಕ್ಕ, ಏಟು ತಿಂದ ತಮ್ಮ ಮತ್ತು ನಿಮ್ಮ ಠಾಣೆ

ಮಾನ್ಯ ಠಾಣಾಧಿಕಾರಿಗಳೇ,

‘ಮಾನ್ಯ’ ಎಂದು ರೂಢಿಗೆ ಬರೆದಿದ್ದೇನೆ, ತಪ್ಪು ತಿಳಿಯಬೇಡಿ. ಸುಟ್ಟ ಬೆನ್ನು ಹೊತ್ತು ಬಂದ ನನ್ನ ತಮ್ಮನನ್ನು ನೋಡಿ ನೀವು ನಕ್ಕಿರಿ. ಅವನ ದೂರು ಬರೆದುಕೊಳ್ಳದೆ ಕಳಿಸಿದಿರಿ. ಆಮೇಲೆ ಅದೇ ಬೆನ್ನನ್ನು ಮೆರೆಸಿ ಚಪ್ಪಾಳೆ ಗಿಟ್ಟಿಸಿಕೊಂಡ ಸಭೆಯಲ್ಲಿ ಮುಖ್ಯ ಅತಿಥಿಯಾಗಿ ಕುಳಿತಿರಿ. ಆ ಸಭೆಯ ಜನವೇ ಅವನನ್ನು ನೆಲಕ್ಕೆ ಕೆಡವಿ ತುಳಿದಾಗ ಜೀಪು ಹತ್ತಿ ಹೊರಟುಹೋದಿರಿ. ನನ್ನ ದೂರು ಇಷ್ಟೇ. ಆದರೆ ನಿಮ್ಮ ಮೇಜಿನ ಮುಂದೆ ಪೂರ್ತಿ ಮಾತಾಡುವ ಭಾಗ್ಯ ನಮ್ಮ ಮನೆಯ ಯಾರಿಗೂ ಒದಗಿಲ್ಲವಾದ್ದರಿಂದ, ಊರೆಲ್ಲ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುವವಳು. ನನ್ನ ಅಂಗಡಿಗೆ ಅಂಟಿಕೊಂಡೇ ತಮ್ಮನ ಟೈರು ಅಂಗಡಿ ಇದೆ. ಅವನನ್ನು ನೀವು ಮರೆತಿರಲಾರಿರಿ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದವನು, ಲಾರಿಯ ಚಕ್ರವನ್ನು ಒಬ್ಬನೇ ಎತ್ತುವವನು, ಬೀದಿಯವರೆಲ್ಲ ‘ಆನೆ’ ಎಂದು ಕರೆಯುವವನು. ನಿಮ್ಮ ನಗುವಿಗೆ ಕಾರಣವೂ ಆ ಗಾತ್ರವೇ ಅಲ್ಲವೇ? ಅವನ ಹೆಂಡತಿ ಅವನ ಎದೆಯಷ್ಟೂ ಎತ್ತರವಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ, ಮೆಲುದನಿ, ಗಿರಾಕಿಗಳಿಗೆಲ್ಲ ಅಚ್ಚುಮೆಚ್ಚು. ಇಂಥವಳು ಇಂಥವನನ್ನು ಹೊಡೆಯುತ್ತಾಳೆಂದರೆ ಇರುವೆ ಆನೆಯನ್ನು ಕೆಡವಿದ ಕಥೆಯಂತೆ ಕೇಳಿಸುತ್ತದೆ, ನಿಜ. ಕಥೆ ಕೇಳಿ ನಗಲು ಯಾರಿಗೂ ಅಡ್ಡಿಯಿಲ್ಲ. ಆದರೆ ನೀವು ಕೂತಿದ್ದ ಕುರ್ಚಿ ಕಥೆ ಕೇಳುವವರದ್ದಲ್ಲ.

ತಮ್ಮನ ವಿಷಯಕ್ಕೆ ಮೊದಲು ನನ್ನದನ್ನು ಹೇಳಬೇಕು. ವರ್ಷಗಳ ಹಿಂದೆ, ನೀವಿನ್ನೂ ಇದೇ ಠಾಣೆಯಲ್ಲಿ ಕಿರಿಯ ಅಧಿಕಾರಿಯಾಗಿದ್ದಾಗ, ನಾನೂ ನಿಮ್ಮ ಮುಂದೆ ನಿಂತಿದ್ದೆ. ನನ್ನ ಗಂಡ ಕಾರಿನ ಬಾಗಿಲ ಸಂದಿಗೆ ನನ್ನ ಕೈಯಿಟ್ಟು ಬಾಗಿಲು ಬಡಿದಿದ್ದ. ಬೆರಳುಗಳು ಬದನೆಕಾಯಿಯಂತೆ ಊದಿಕೊಂಡಿದ್ದವು. ನೀವು ನೋಡಿದಿರಿ, ನಗಲಿಲ್ಲ. ಆಗ ನಿಮಗೆ ಕರುಣೆ ಬಂದಿತ್ತು. “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮ. ಹೋಗು, ಬಿಸಿ ಬಿಸಿ ಅಡುಗೆ ಮಾಡಿ ಬಡಿಸು, ಎಲ್ಲ ಸರಿಹೋಗತ್ತೆ” ಅಂದಿರಿ. ಆ ಕೈಯಲ್ಲೇ ಹೋಗಿ ಅಡುಗೆ ಮಾಡಿದೆ. ಅವನು ಉಂಡ. ಮಲಗುವ ಮೊದಲು, ಠಾಣೆಗೆ ಹೋಗಿದ್ದಕ್ಕೆಂದು ನನ್ನ ದವಡೆ ಮುರಿದ. ಜಗಳ ಉಂಡು ಮಲಗುವ ತನಕ ಎಂಬ ನಿಮ್ಮ ಮಾತು ಸುಳ್ಳಾಗಲಿಲ್ಲ. ಆದರೆ ಮಲಗಿದ್ದು ನಾನು, ಆಸ್ಪತ್ರೆಯಲ್ಲಿ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವನು ಇದೇ ತಮ್ಮ. ಆಗಿನ್ನೂ ಮೀಸೆ ಬಲಿಯದ ಹುಡುಗ. ನನ್ನ ಮುಖ ನೋಡಿದವನೇ ನೆಟ್ಟಗೆ ಹೋಗಿ ನನ್ನ ಗಂಡನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ್ದನಂತೆ. ಅವನ ಕಾಲುಗಳು ನೆಲ ಬಿಟ್ಟಿದ್ದವಂತೆ, ಮುಖ ನೀಲಿಗಟ್ಟಿತ್ತಂತೆ. ಇನ್ನೊಂದು ಗಳಿಗೆ ಹಾಗೇ ಹಿಡಿದಿದ್ದರೆ ನಿಮಗೊಂದು ಒಳ್ಳೆಯ ಕೇಸು ಸಿಗುತ್ತಿತ್ತು. ಹಿಡಿಯಲಿಲ್ಲ, ಕೈಬಿಟ್ಟ. ಬಂದು ನನ್ನ ಹಾಸಿಗೆಯ ಪಕ್ಕದಲ್ಲಿ ಕೂತ. “ಅಕ್ಕಾ, ಕೊಲ್ಲೋದು ಇಷ್ಟು ಸುಲಭಾನಾ? ನಂಗೆ ನನ್ನ ಕೈ ಕಂಡ್ರೇ ಭಯ ಆಗ್ತಿದೆ. ಈ ಕೈ ಯಾವತ್ತಾದ್ರೂ ಹೆಂಗಸಿನ ಮೇಲೆ ಎದ್ರೆ ನೀನೇ ಕಡಿದುಹಾಕು” ಅಂದ. ನನ್ನ ದವಡೆಗೆ ತಂತಿ ಕಟ್ಟಿತ್ತು. ಆ ಕೈಯನ್ನೇ ಹಿಡಿದುಕೊಂಡೆ.

ಮುಂದೆ ತಮ್ಮನ ಮದುವೆಯಾಗಿ ವರ್ಷ ತುಂಬುವುದರೊಳಗೆ ಅವನ ಮೈಮೇಲೆ ಗುರುತುಗಳು ಕಾಣತೊಡಗಿದವು. ಹುಬ್ಬು ಸೀಳಿದ್ದಕ್ಕೆ ಜಾಕ್ ಜಾರಿತು ಅಂದ. ಮುಂಗೈ ಮೇಲೆ ಹಲ್ಲಿನ ಗುರುತಿಗೆ ನಾಯಿ ಕಚ್ಚಿತು ಅಂದ. ನಾಯಿಯ ಹಲ್ಲು ಹೇಗಿರುತ್ತದೆ, ಮನುಷ್ಯರ ಹಲ್ಲು ಹೇಗಿರುತ್ತದೆ ಎಂಬುದು ಕಚ್ಚಿಸಿಕೊಂಡವಳಿಗೆ ಗೊತ್ತು. ನಾನು ಅವನ ಮುಂದೆ ಕೂತೆ. ಆಗ ಬಾಯಿಬಿಟ್ಟ. ಬೀಗದಕೈ ಗೊಂಚಲಿನಲ್ಲಿ ಶುರುವಾದದ್ದು ಸೌಟಿಗೆ ಬಂದು, ಸೌಟಿನಿಂದ ಕಬ್ಬಿಣದ ಬಾಣಲೆಗೆ ಬಂದಿತ್ತು. ಅವಳು ಹೊಡೆಯುವಾಗ ಇವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದನಂತೆ.

“ತಡೀಬಾರದೇನೋ? ಕೈ ಹಿಡ್ಕೋಬಾರದೇನೋ?” ಅಂದೆ.

“ಹಿಡ್ಕೊಂಡ್ರೆ ಮುರಿದುಹೋಗ್ತಾಳೆ ಅಕ್ಕಾ. ಅವಳ ಮಣಿಕಟ್ಟು ನೋಡಿದೀಯಾ?” ಅಂದ.

ಒಂದು ಭಾನುವಾರ ಬೆಳಿಗ್ಗೆ ಅವನು ನನ್ನ ಜೊತೆ ಫೋನಿನಲ್ಲಿ ಏನೋ ತಮಾಷೆಗೆ ನಗುತ್ತಿದ್ದ. ಆ ನಗು ನಡುವೆಯೇ ತುಂಡಾಗಿ ಚೀರಾಟವಾಯಿತು. ನಾನು ಓಡಿದೆ. ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ಅವಳು ಪಾತ್ರೆಸಮೇತ ಅವನ ಬೆನ್ನಿಗೆ ಸುರಿದಿದ್ದಳು. ಬನಿಯನ್ ಚರ್ಮಕ್ಕೆ ಅಂಟಿ, ಬಿಡಿಸಿದರೆ ಚರ್ಮವೂ ಜೊತೆಗೆ ಬರುತ್ತಿತ್ತು. ಅವಳು ಪಕ್ಕದಲ್ಲಿ ಕೂತು ಮುಲಾಮು ಹಚ್ಚುತ್ತ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. “ನೀನೇ ನನ್ನ ಕೈಲಿ ಇದನ್ನೆಲ್ಲ ಮಾಡಿಸ್ತೀಯ. ನಿಮ್ಮಕ್ಕನ ಜೊತೆ ಹಲ್ಲು ಕಿರಿಯೋ ಬಾಯಿ ನನ್ನ ಜೊತೆ ಯಾಕೆ ಬಿಚ್ಚಲ್ಲ? ನೀನೇ ಮಾಡಿಸ್ತೀಯ.”

ಅಧಿಕಾರಿಗಳೇ, ‘ನೀನೇ ಮಾಡಿಸ್ತೀಯ’ ಎಂಬ ಆ ಮಾತು ನನಗೆ ಬಾಯಿಪಾಠ. ನನ್ನ ಗಂಡ ಪ್ರತಿಸಲ ಹೊಡೆದ ಮೇಲೆ, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಇದನ್ನೇ ಹೇಳುತ್ತಿದ್ದ. ಅಕ್ಷರವೂ ಆಚೀಚೆಯಾಗದಂತೆ, ಇದೇ ಕಣ್ಣೀರಿನಲ್ಲಿ. ಅವರಿಬ್ಬರೂ ಒಂದೇ ಶಾಲೆಯಲ್ಲಿ ಕಲಿತವರಲ್ಲ, ಜೀವಮಾನದಲ್ಲಿ ಒಬ್ಬರನ್ನೊಬ್ಬರು ಕಂಡವರಲ್ಲ. ಆ ಮಾತಿಗೆ ಗಂಡಸು ಹೆಂಗಸೆಂಬ ಭೇದವಿಲ್ಲ ಎಂದು ನನಗೆ ಅವತ್ತು ತಿಳಿಯಿತು. ಯಾರ ಕೈಯಲ್ಲಿ ಬಾಣಲೆ ಇದೆಯೋ ಅವರ ಬಾಯಿಗೆ ಅದು ತಾನೇ ಬರುತ್ತದೆ.

ತಮ್ಮನನ್ನು ನಿಮ್ಮಲ್ಲಿಗೆ ನಾನೇ ಎಳೆದುತಂದೆ. ನೀವು ಬಡ್ತಿ ಪಡೆದು ಇದೇ ಠಾಣೆಗೆ ದೊಡ್ಡವರಾಗಿ ಬಂದಿದ್ದಿರಿ. ನಿಮ್ಮ ಸಿಬ್ಬಂದಿಯನ್ನೂ ಕರೆದಿರಿ, ಬಿಟ್ಟಿ ಮನರಂಜನೆಯನ್ನು ಒಬ್ಬರೇ ಅನುಭವಿಸುವ ಸ್ವಾರ್ಥ ನಿಮ್ಮದಲ್ಲ. “ಏನಯ್ಯಾ ಆನೆ, ಬಳೆ ತೊಡಿಸಿ ಕಳಿಸ್ಲಾ? ಮನೆಗೆ ಹೋಗಿ ಎರಡು ಬಿಗಿ, ನಾಳೆಯಿಂದ ಕಾಫಿ ತಂದುಕೊಡ್ತಾಳೆ ನೋಡು” ಅಂದಿರಿ. ಅಂದರೆ ನನಗೆ ಏಟು ಸಹಿಸು ಅಂದವರು ಅವನಿಗೆ ಏಟು ಕೊಡು ಅಂದಿರಿ. ಎರಡು ಸಲವೂ ನೀವು ಸರ್ಕಾರದ ಸಂಬಳ ಪಡೆದು ಹಂಚಿದ್ದು ಏಟನ್ನೇ. ಹೆಂಗಸಿಗೆ ಏಟು ತಿನ್ನುವುದು ಧರ್ಮ, ಗಂಡಸಿಗೆ ಏಟು ಕೊಡುವುದು ಧರ್ಮ ಎಂದಮೇಲೆ, ತಿಂದ ಗಂಡಸು ಗಂಡಸಲ್ಲ, ತಡೆದ ಹೆಂಗಸು ಹೆಂಗಸಲ್ಲ. ನನ್ನನ್ನು ವಾಪಸು ಕಳಿಸಿದ್ದೂ ಅವನನ್ನು ಗೇಲಿ ಮಾಡಿದ್ದೂ ಒಂದೇ ನಂಬಿಕೆ. ಸಮಾನತೆ ಬಂದರೆ ಹೆಂಗಸರಿಗೆ ಲಾಭ, ಗಂಡಸರಿಗೆ ನಷ್ಟ ಎಂದು ಲೆಕ್ಕ ಹಾಕುವವರು ನನ್ನ ತಮ್ಮನ ಬೆನ್ನನ್ನು ಒಮ್ಮೆ ನೋಡಬೇಕು. ಸಮಾನತೆ ಇಲ್ಲದ್ದರಿಂದ ಸುಟ್ಟ ಬೆನ್ನು ಅದು.

ನೋಡುವವರೇನೋ ಬಂದರು. ನಿಮ್ಮ ಸಿಬ್ಬಂದಿಯ ಬಾಯಿಂದ ಸುದ್ದಿ ಹರಡಿ, ಪುರುಷರ ಹಕ್ಕಿನ ವೇದಿಕೆಯ ಅಧ್ಯಕ್ಷರು ಟೈರು ಅಂಗಡಿಗೆ ಬಂದು ತಮ್ಮನನ್ನು ತಬ್ಬಿಕೊಂಡರು. ಬೆನ್ನು ಉರಿಯಿತೆಂದು ಅವನು ಕಿರುಚಿದ. ಅದನ್ನು ಅವರು ಭಾವುಕತೆ ಎಂದುಕೊಂಡರು. ಹೊರಗಿನವರಲ್ಲಿ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡ ಮೊದಲಿಗರು ಅವರೇ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಗಂಡಸರೂ ಮನೆಯೊಳಗೆ ನರಳುತ್ತಾರೆ ಅಂದರು, ನಿಜ. ಸುಳ್ಳು ದೂರುಗಳೂ ಉಂಟು ಅಂದರು, ಇರಬಹುದು. ಅಂಗಡಿಯಲ್ಲಿ ನನ್ನ ಜೊತೆ ಹೊಲಿಯುವ ಹೆಂಗಸರೇ “ಬಿಡಕ್ಕ, ನಮಗೆ ಇಷ್ಟು ಕಾಲ ಬಿದ್ದಿದೆ, ಅವರಿಗೂ ಒಂದಿಷ್ಟು ಬೀಳ್ಲಿ” ಅಂದಾಗ ನನ್ನ ಕೈಯಲ್ಲಿದ್ದ ಕತ್ತರಿ ಅವರತ್ತ ಹಾರದೆ ಉಳಿದದ್ದು ಅವರ ಪುಣ್ಯ. ನನ್ನ ದವಡೆಯ ಬಾಕಿಯನ್ನು ನನ್ನ ತಮ್ಮನ ಬೆನ್ನಿನ ಮೇಲೆ ವಸೂಲಿ ಮಾಡಿ ಎಂದು ನಾನು ಯಾರಿಗೆ ಹೇಳಿದ್ದೆ?

ಅಧ್ಯಕ್ಷರು ತಮ್ಮನನ್ನು ಕರೆದೊಯ್ದ ಆ ಸಭೆಯನ್ನು ‘ಸಮಾನತೆಯೋ ಸುಲಿಗೆಯೋ’ ಎಂಬ ಚರ್ಚೆ ಎಂದು ಕರೆದಿದ್ದರು. ಚರ್ಚೆ ಅನ್ನಿಸಿಕೊಳ್ಳಲೆಂದು ವೇದಿಕೆಯ ಮೂಲೆಯಲ್ಲಿ ಒಬ್ಬ ವಕೀಲೆಯನ್ನು ಕೂರಿಸಿದ್ದರು. ನಡುವೆ ನೀವು. ವಕೀಲೆ ಎದ್ದು, ಇಂಥ ಪ್ರಕರಣ ಸಾವಿರಕ್ಕೊಂದು, ಇದನ್ನು ಹಿಡಿದು ದೊಡ್ಡದು ಮಾಡಬೇಡಿ ಅಂದರು. ಆ ಸಾವಿರಕ್ಕೊಂದು ಅವರ ಪಕ್ಕದಲ್ಲೇ ಬೆನ್ನು ಕುರ್ಚಿಗೆ ತಾಗದಂತೆ ಮುಂದೆ ಬಾಗಿ ಕೂತಿತ್ತು. ಆಮೇಲೆ ನೀವು ಎದ್ದು, ಗಂಡಸಿನ ಕಣ್ಣೀರಿಗೆ ಕಿವಿಯಾಗುವವರೇ ಇಲ್ಲ ಎಂದು ಗದ್ಗದಿತರಾದಿರಿ. ನಾನು ಸಭೆಯ ಕೊನೆಯ ಸಾಲಿನಲ್ಲಿದ್ದೆ. ಅಷ್ಟು ಅಚ್ಚುಕಟ್ಟಾದ ಗದ್ಗದ ನಾನು ಕೇಳಿಲ್ಲ.

ಅಧ್ಯಕ್ಷರು ಅಂಗಿ ತೆಗೆಯೆಂದರು. ತಮ್ಮ ತೆಗೆದು ತಿರುಗಿ ನಿಂತ. ಚಪ್ಪಾಳೆ, ಸಿಳ್ಳೆ. “ನೋಡಿ! ಹೆಂಗಸರಿಗೆ ಕೊಟ್ಟ ಸಲುಗೆ ಏನ್ ಮಾಡಿದೆ ನೋಡಿ! ಅವರಿಗಿರೋ ಕಾನೂನು ಕಿತ್ತು ಬಿಸಾಡೋ ತನಕ ನಮಗೆ ಉಳಿಗಾಲ ಇಲ್ಲ” ಎಂದು ಅಧ್ಯಕ್ಷರು ಕೂಗಿದರು. ನೆಗಡಿಯಾಯಿತೆಂದು ಮೂಗು ಕೊಯ್ಯುವವರ ಬಗ್ಗೆ ಕೇಳಿದ್ದೆ. ಪಕ್ಕದ ಮನೆಯವಳ ಮೂಗು ಕೊಯ್ಯಲು ಹೊರಟವರನ್ನು ಅಲ್ಲೇ ಕಂಡಿದ್ದು. ತಮ್ಮ ಅಂಗಿ ತೊಟ್ಟು, ಗುಂಡಿ ಹಾಕಿಕೊಂಡು, ಮೈಕು ತೆಗೆದುಕೊಂಡ. ಅವನಿಗೆ ಭಾಷಣ ಬರುವುದಿಲ್ಲ.

“ಇದನ್ನ ಮಾಡಿದ್ದು ನನ್ನ ಹೆಂಡ್ತಿ. ಬೇರೆ ಹೆಂಗಸ್ರು ನಂಗೇನೂ ಮಾಡಿಲ್ಲ. ನಮ್ಮಕ್ಕನ ದವಡೆ ಮುರಿದೋನು ಗಂಡಸು. ಅವಳಿಗಿರೋದನ್ನ ಕಿತ್ಕೋಬೇಡಿ. ನಂಗೂ ಅಂಥದ್ದೊಂದು ಕೊಡಿ, ಸಾಕು. ಆಮೇಲೆ... ಈ ಸಾಹೇಬ್ರು ಅವತ್ತು ಠಾಣೇಲಿ ನನ್ನ ನೋಡಿ ನಕ್ರು. ನಗಬಾರದಿತ್ತು.”

ಮೊದಲು ಬಂದದ್ದು ನೀರಿನ ಬಾಟಲಿ. “ಹೆಣ್ಣಿಗ!” “ಅಕ್ಕನ ಸೆರಗು ಹಿಡ್ಕೊಂಡು ಓಡಾಡೋನೇ!” ಆಮೇಲೆ ಕುರ್ಚಿ. ಆಮೇಲೆ ಜನ. ಗಂಡಸರ ನೋವಿಗಾಗಿ ಸೇರಿದ್ದ ಸಭೆಯಲ್ಲಿ ನಿಜವಾಗಿ ನೊಂದಿದ್ದ ಒಬ್ಬ ಗಂಡಸನ್ನು ಗಂಡಸರು ಸುತ್ತುವರಿದು ತುಳಿದರು, ಸುಟ್ಟ ಬೆನ್ನಿನ ಮೇಲೆಯೇ ಬೂಟುಗಾಲಿಟ್ಟು. ಒಬ್ಬನು ಮೈಕಿನ ಕಬ್ಬಿಣದ ಕೋಲನ್ನೆತ್ತಿ ಅವನ ಎಡಗಿವಿಗೆ ಬಾರಿಸಿದ. ಆ ಸದ್ದು ಧ್ವನಿವರ್ಧಕದಲ್ಲಿ ಸಭೆಗೆಲ್ಲ ಕೇಳಿಸಿತು. ಲಾರಿಯ ಚಕ್ರ ಎತ್ತುವ ಆ ಕೈಗಳು ಎದ್ದಿದ್ದರೆ ಅಲ್ಲಿ ಎರಡು ಹೆಣ ಬೀಳುತ್ತಿದ್ದವು. ಅವನು ಕೈಗಳನ್ನು ತಲೆಯ ಮೇಲಿಟ್ಟುಕೊಂಡು ಮಗುವಿನಂತೆ ಮುದುಡಿಕೊಂಡ. ನಾನು ಮುದುಡಲಿಲ್ಲ. ಕೈಗೆ ಸಿಕ್ಕ ಕಬ್ಬಿಣದ ಕುರ್ಚಿಯನ್ನು ಬೀಸಿದೆ, ಅಧ್ಯಕ್ಷರ ಮೂಗು ಎದುರಿಗಿತ್ತು, ಮುರಿಯಿತು. ವಕೀಲೆ ನೆಲಕ್ಕೆ ಕೂತು ತಮ್ಮನ ಕಿವಿಗೆ ಬಟ್ಟೆ ಒತ್ತಿ “ಆಂಬುಲೆನ್ಸ್! ಆಂಬುಲೆನ್ಸ್!” ಎಂದು ಅರಚುತ್ತಿದ್ದರು. ನಿಮಗಾಗಿ ಸುತ್ತಲೂ ನೋಡಿದೆ. ಜೀಪಿನ ಹಿಂಬದಿ ದೀಪ ಕಂಡಿತು.

ಎಡಗಿವಿ ಹೋಯಿತು. ಇನ್ನು ಬರುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಆಸ್ಪತ್ರೆಗೆ ಅವನ ಹೆಂಡತಿ ಬಂದಳು. ಅತ್ತು ಕೆಂಪಾದ ಮುಖ, ಕೈಯಲ್ಲಿ ಫ್ಲಾಸ್ಕು. ಕಾಫಿ ತಂದಿದ್ದಳು, ಪಾಪ, ನಿಜವಾಗಿಯೂ ಕುಡಿಸಲೆಂದೇ ತಂದಿದ್ದಳು. ಮುಚ್ಚಳ ತಿರುಗಿಸಿದ್ದೇ ಹಬೆ ಮೇಲೆದ್ದಿತು. ನನ್ನ ತಮ್ಮ, ಬೀದಿಯ ಆನೆ, ಕೈಗೆ ಚುಚ್ಚಿದ್ದ ಸೂಜಿಯನ್ನು ಕಿತ್ತುಕೊಂಡು ಮಂಚದಿಂದ ಉರುಳಿ, ಮಂಚದ ಅಡಿಗೆ ನುಸುಳಲು ನೋಡಿದ. ಮೈ ಹಿಡಿಸಲಿಲ್ಲ. ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡು “ಬೇಡ, ಬೇಡ, ಇನ್ನು ನಗಲ್ಲ, ಬೇಡ” ಅನ್ನುತ್ತಿದ್ದ. ವಾರ್ಡಿನ ನರ್ಸಮ್ಮ ಯಾರನ್ನೂ ಏನೂ ಕೇಳಲಿಲ್ಲ. ಅವಳ ಕೈಯಿಂದ ಫ್ಲಾಸ್ಕನ್ನು ಮೆಲ್ಲಗೆ ತೆಗೆದುಕೊಂಡು, ಹೆಗಲು ಹಿಡಿದು ಹೊರಗೆ ಕರೆದೊಯ್ದು, ಬಾಗಿಲು ಹಾಕಿದರು. ಆಮೇಲೆ ಬಂದು ನೆಲದ ಮೇಲೆ ಅವನ ಪಕ್ಕ ಕೂತು “ಹೋದ್ರು ಕಣಪ್ಪ, ಮೆಲ್ಲಗೆ ಬಾ” ಅಂದರು. ಅಧಿಕಾರ ಎಂದರೆ ಇಷ್ಟೇ ಅಲ್ಲವೇ? ಅದಕ್ಕೆ ಜೀಪು ಬೇಕಾಗಲಿಲ್ಲ.

ನಿಮ್ಮ ಕಡೆಯ ಪೇದೆಯೂ ಬಂದರು. ತಮ್ಮನ ಹೇಳಿಕೆಗೆ ಬಂದಿರಬೇಕೆಂದು ನಾನು ಕುರ್ಚಿ ಕೊಟ್ಟೆ. ಅವರು ಬಂದದ್ದು ನನಗಾಗಿ. ಮಾನ್ಯ ಅಧ್ಯಕ್ಷರ ಮೂಗಿನ ಮೇಲೆ ಮಾರಣಾಂತಿಕ ಹಲ್ಲೆ. ಆ ದೂರು ಅವತ್ತೇ ದಾಖಲಾಗಿತ್ತಂತೆ. ಸಂತೋಷವಾಯಿತು, ವ್ಯಂಗ್ಯವಲ್ಲ. ನಿಮ್ಮ ಠಾಣೆಗೆ ಬರೆಯಲು ಬರುವುದಿಲ್ಲವೇನೋ ಎಂಬ ಅನುಮಾನ ನನಗಿತ್ತು. ಮೂಗು ಮುರಿದವಳು ನಾನೇ, ನ್ಯಾಯಾಲಯದಲ್ಲೂ ಹಾಗೇ ಹೇಳುತ್ತೇನೆ.

ಈಗ ನನ್ನ ಬೇಡಿಕೆ. ನನ್ನ ತಮ್ಮನ ಬೆನ್ನು ಸುಟ್ಟವಳ ಮೇಲೆ ಬರೆಯಿರಿ. ಅವನ ಕಿವಿ ಒಡೆದವರ ಮೇಲೆ ಬರೆಯಿರಿ. ನನ್ನ ದವಡೆ ಮುರಿದವನ ಮೇಲೂ ಬರೆಯಿರಿ. ತಡವಾಯಿತು ಎನ್ನಬೇಡಿ, ತಡಮಾಡಿದ್ದು ನಾನಲ್ಲ. ಮತ್ತು ಇನ್ನುಮುಂದೆ ಏಟು ತಿಂದು ನಿಮ್ಮ ಬಾಗಿಲಿಗೆ ಬಂದವರು ಸೀರೆಯುಟ್ಟಿದ್ದಾರೋ ಪ್ಯಾಂಟು ತೊಟ್ಟಿದ್ದಾರೋ ನೋಡುವ ಮೊದಲು, ರಕ್ತ ಎಲ್ಲಿಂದ ಬರುತ್ತಿದೆ ಎಂದು ನೋಡಿರಿ. ಸೋಮವಾರ ಅವನನ್ನು ಆಸ್ಪತ್ರೆಯಿಂದ ಬಿಡುತ್ತಾರೆ. ಅಲ್ಲಿಂದ ನೇರ ನಿಮ್ಮಲ್ಲಿಗೆ ಬರುತ್ತೇವೆ. ವಕೀಲೆಯೂ ಬರುತ್ತಾರೆ.

ಇದನ್ನು ಬರೆದು ತಮ್ಮನಿಗೆ ಓದಿ ಹೇಳಿದೆ, ಬಲಗಿವಿಯ ಪಕ್ಕ ಕೂತು. ಎಲ್ಲಕ್ಕೂ ಹೂಂ ಅಂದ. ಕೊನೆಗೆ ತನ್ನದೊಂದು ಸಾಲು ಸೇರಿಸಬೇಕೆಂದು ಹಟ ಹಿಡಿದ. ನನಗೆ ಇಷ್ಟವಿರಲಿಲ್ಲ. ಆದರೆ ಬೆನ್ನು ಅವನದು, ಕಿವಿ ಅವನದು. ಅವನ ಮಾತಿನಲ್ಲೇ ಬರೆಯುತ್ತೇನೆ:

“ಅವಳನ್ನ ಠಾಣೆಗೆ ಕರೆಸಿದಾಗ ಒಬ್ರೂ ಅವಳ ಮೇಲೆ ಕೈ ಎತ್ತಬಾರದು, ಸಾರ್.”

ಇಂತಿ,
ನಿಮ್ಮ ಠಾಣೆಯ ದಾಖಲೆಯಲ್ಲಿ ಸದ್ಯಕ್ಕೆ ಆರೋಪಿಯಾಗಿ ಮಾತ್ರ ಜಾಗ ಸಿಕ್ಕಿರುವ,
ಸೀಟು ಹೊಲಿಯುವ ಅಕ್ಕ