ಕೆಂಪು ಬಾಳೆಯ ಹಸಿರು ಗೊನೆ

ಕಲಬುರ್ಗಿ
ಫೆಬ್ರುವರಿ ೧೯೫೫

ನನ್ನ ಮುದ್ದು ಶೇವಂತಾ,

ನಿನಗೀಗ ಎಂಟು ತಿಂಗಳು. ಅಕ್ಷರ ಬಂದ ಮೇಲೆ ಓದಿಕೊಳ್ಳುವೆಯೆಂದು ಬರೆಯುತ್ತಿದ್ದೇನೆ. ಸದ್ಯಕ್ಕೆ ನೀನು ಈ ಕಾಗದದ ಒಂದು ಮೂಲೆಯನ್ನು ತಿಂದು ಮುಗಿಸಿದ್ದೀಯ.

ನೀನು ನಿನ್ನವ್ವ ಭಾಗಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಹೆತ್ತವಳನ್ನು ಕಳೆದುಕೊಂಡು ಇಲ್ಲಿನ ದವಾಖಾನೆಯಲ್ಲಿದ್ದ ನಿನ್ನನ್ನು ನಾವಿಬ್ಬರೂ ಎತ್ತಿಕೊಂಡು ಬಂದೆವು. ಆದರೆ ಕಮಲಾಪುರದಿಂದ ನನ್ನವ್ವ ಬಂಡೆಮ್ಮ, ಅಂದರೆ ನಿನ್ನ ಆಯಿ, "ಬೀಜ ಯಾವುದೋ ಏನೋ, ನನ್ನ ಹೊಸ್ತಿಲ ದಾಟಿಸಬ್ಯಾಡ" ಎಂದು ಹೇಳಿ ಕಳಿಸಿದಳು. ಆಯಿಯ ಕೈಯಿಂದಲೇ ನಿನ್ನನ್ನು ತೊಟ್ಟಿಲಿಗೆ ಹಾಕಿಸಿ ಹೆಸರಿಡಿಸಬೇಕೆಂದು ಭಾಗಮ್ಮನ ಹಟ. ಹೀಗಾಗಿ ಐದು ತಿಂಗಳು ನಿನಗೆ ಹೆಸರೇ ಇರಲಿಲ್ಲ.

ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು ನಾನು. ವಂಶವಾಹಿ ಎಂದರೆ ದಾರಕ್ಕೆ ಪೋಣಿಸಿದ ಮಣಿ, ಒಂದು ಮಣಿಗೆ ಒಂದು ಗುಣ ಎಂದು ಹತ್ತು ವರ್ಷ ಪಾಠ ಹೇಳಿದ್ದೆ. ಈಗ ಬರುವ ಪತ್ರಿಕೆಗಳು ಮಣಿಯೇ ಇಲ್ಲ, ಎರಡೆಳೆಯ ದಾರವೇ ಒಂದು ಬರಹ, ನಕಲಾಗುವಾಗ ಅಲ್ಲಲ್ಲಿ ತಪ್ಪುತ್ತದೆ ಎನ್ನುತ್ತವೆ. ಹೆಸರು ಅದೇ, ಅರ್ಥ ಬೇರೆ. ಪಂಡಿತರೇ ಇನ್ನೂ ಗಟ್ಟಿಮಾಡಿಕೊಳ್ಳದ ವಸ್ತುವಿನಿಂದ ನಿನ್ನನ್ನು ತೂಗುವುದು ಹೇಗೆ? ಇದನ್ನು ನನ್ನವ್ವನಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ದೀಪಾವಳಿ ಮುಗಿದ ಮೇಲೆ ಅವ್ವನ ತೋಟದಲ್ಲಿ ಜಗಳವೆದ್ದಿತು. ಕೆಂಪು ಬಾಳೆಯನ್ನು ಬಿತ್ತುವುದಿಲ್ಲ, ತಾಯಿಗಿಡದ ಬುಡದಲ್ಲೇಳುವ ಮರಿಯನ್ನು, ಅಂದರೆ ಕಂದನ್ನು, ಅಗೆದು ನೆಡುತ್ತಾರೆ; ಅದು ತಾಯಿಯ ನಕಲೇ ಆಗಿರಬೇಕು. ಹಾಗೆ ನೆಟ್ಟ ಒಂದು ಗಿಡ ಹಸಿರು ಗೊನೆ ಹಾಕಿತ್ತು. ಕಂದು ಅಗೆದುಕೊಟ್ಟಿದ್ದ ಪಕ್ಕದ ತೋಟದ ಕರೀಂಸಾಬರೇ ಬದಲಿಸಿದ್ದಾರೆಂದು ಅವ್ವ ಊರೆಲ್ಲ ಸಾರಿದಳು. ಸುದ್ದಿ ಕೇಳಿ ನಾವು ನಿನ್ನನ್ನೂ ಕರೆದುಕೊಂಡೇ ಹೋದೆವು. ಬೇಡವೆಂದದ್ದು ಹೊಸ್ತಿಲು, ತೋಟವಲ್ಲವಲ್ಲ!

ಕರೀಂಸಾಬರು ಅವ್ವನನ್ನು ಅದೇ ಸಾಲಿನ ಇನ್ನೊಂದು ಗಿಡದ ಹತ್ತಿರ ಕರೆದೊಯ್ದರು. ಅದರ ಒಂದೇ ಗೊನೆಯಲ್ಲಿ ಅರ್ಧ ಕಾಯಿ ಕೆಂಪು, ಅರ್ಧ ಹಸಿರು. "ಬಂಡೆಮ್ಮಕ್ಕಾ, ಈ ಕಾಯೀನೂ ನಾನೇ ಅಂಟಿಸೀನೇನ್ರೀ?" ಎಂದರು.

ಅವ್ವ ಒಂದು ಹಸಿರು ಕಾಯಿಯನ್ನು ಉಗುರಿನಿಂದ ಕೆರೆದು ನೋಡಿದಳು. "ನಕಲು ತಪ್ಪ್ಯದ, ಅವ್ವಾ. ಹಸಿರು ಗಿಡ ಕಡಿದು ಒಗೀಲೇನು?" ಎಂದೆ.

"ಹುಚ್ಚನಂಗ ಮಾತಾಡಬ್ಯಾಡೋ ದತ್ತಾ. ನಾ ನೀರು ಹಾಕಿ ಬೆಳೆಸೀನಿ, ಅದು ನಂದು!"

ಆ ಮಾತು ಬಾಯಿಂದ ಬಿದ್ದದ್ದೇ ತಡ, ಭಾಗಮ್ಮ ನಿನ್ನನ್ನು ಅವ್ವನ ತೋಳಿಗೆ ಹಾಕಿದಳು. ಅವ್ವ ನಿನ್ನನ್ನು ನೋಡಿದಳು, ನಮ್ಮನ್ನು ನೋಡಿದಳು, ಮತ್ತೆ ನಿನ್ನನ್ನು ನೋಡಿದಳು. ಆಮೇಲೆ ಕರೀಂಸಾಬರನ್ನು ಮನೆಗೆ ಚಹಾಕ್ಕೆ ಕರೆದಳು. ತಪ್ಪಾಯಿತು ಎನ್ನಲು ಅವಳಿಗೆ ಬರುವುದು ಅಷ್ಟೇ. ಹೊಸ್ತಿಲನ್ನು ನೀನು ಅವಳ ಕಂಕುಳಲ್ಲೇ ದಾಟಿದೆ. ನನಗೆ ಅಳು ಬಂತು, ಮಗಳೇ.

ಅದರ ಮುಂದಿನ ಸೋಮವಾರವೇ ತೊಟ್ಟಿಲ ಶಾಸ್ತ್ರ ನಡೆಯಿತು. ನಿನ್ನ ಕಿವಿಯಲ್ಲಿ ಹೆಸರು ಉಸುರಿದ ಅವ್ವ, ಓಣಿಯ ಹೆಂಗಸರನ್ನೆಲ್ಲ ಕರೆದು, "ಮೂಗು ನೋಡ್ರಿ, ಥೇಟ್ ನಂದೇ ಬಂದದ!" ಎಂದಳು. ಜೀವಶಾಸ್ತ್ರದ ಮೇಷ್ಟರು ನಾನು, ಹೌದೌದು ಎಂದು ತಲೆಯಾಡಿಸಿದೆ.

ನೂರು ವರ್ಷ ಬಾಳು. ಅಷ್ಟೂ ವರ್ಷ ಆಯಿಯ ಮೂಗು ನಿನ್ನ ಮುಖದ ಮೇಲಿರಲಿ.

ನಿನ್ನ ಅಪ್ಪ,
ದತ್ತಪ್ಪ